ಗಾರ್ಡ್ ಸಾಹೇಬರ ಕಳುವಾದ ದನಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದ ದೂರನ್ನು ಮೊದಲು ಕೇಳಿಸಿಕೊಂಡವನು ಹೆಡ್ ಕಾನ್‌ಸ್ಟೇಬಲ್. ಅವನಿಗೆ ಠಾಣೆಯಲ್ಲಿ ರೇಡಿಯೊ ಎಂದು ಅಡ್ಡಹೆಸರು. ಬೆಳಿಗ್ಗೆ ಟೋಪಿ ಹಾಕಿದರೆ ಶುರು, ಸಂಜೆ ಟೋಪಿ ತೆಗೆದರೆ ಬಂದ್; ನಡುವೆ ಉಸಿರಾಡಲೂ ಬಿಡುವು ಮಾಡಿಕೊಳ್ಳದ ಮನುಷ್ಯ. ಅಂಥವನು ಅಂದು ಮಾತಿಲ್ಲದೆ ಬಂದು ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತ.

“ಮೇಡಂ, ಕಳ್ಳತನದ ಕಂಪ್ಲೇಂಟು ಬಂದಿದೆ. ಏನು ಕಳುವಾಗಿದೆ ಅಂತ ಬರ್ಕೊಳ್ಳೋದೋ ಗೊತ್ತಾಗ್ತಿಲ್ಲ.”

“ಏನಂತೆ?”

“ಗಂಡನ ದನಿಯಂತೆ.”

“ಗಂಡ ಎಲ್ಲಿದ್ದಾರೆ?”

“ತೀರಿಹೋಗಿ ಒಂಬತ್ತು ವರ್ಷ ಆಯ್ತಂತೆ.”

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಎಮ್ಮೆಯಿಂದ ಹಿಡಿದು ಬಾವಿಯ ಮೋಟಾರಿನವರೆಗೆ ಕಳುವಾದ ಎಲ್ಲವನ್ನೂ ಹುಡುಕಿ ಕೊಟ್ಟಿದ್ದರು. ಇದೊಂದು ಬಾಕಿ ಇತ್ತು ನೋಡಿ. “ಕಳಿಸಿ,” ಅಂದರು.

ಒಳಗೆ ಬಂದವರು ಎಪ್ಪತ್ತು ದಾಟಿದ ಹೆಂಗಸು. ಬೆನ್ನು ನೆಟ್ಟಗೆ, ಕೂದಲು ಬಿಗಿಯಾಗಿ ಹಿಂದಕ್ಕೆ. ಕುರ್ಚಿಯಲ್ಲಿ ಕೂತ ರೀತಿಗೇ ಗೊತ್ತಾಗುತ್ತಿತ್ತು, ಮೇಷ್ಟ್ರ ಜಾತಿ ಎಂದು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅವರ ಹಿಂದೆಯೇ ಮಗ ಬಂದ. ಅವನ ಮುಖ ನೋಡಿದರೆ, ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಎನ್ನುವ ಹಾಗಿತ್ತು.

“ಹೇಳಿ ಟೀಚರ್.”

“ನನ್ನ ಗಂಡ ರೈಲ್ವೆ ಗಾರ್ಡ್ ಆಗಿದ್ದರು. ವಾರದಲ್ಲಿ ನಾಲ್ಕು ರಾತ್ರಿ ಗಾಡಿ ಮೇಲೇ. ಮಕ್ಕಳೋ, ಅಪ್ಪ ಕತೆ ಹೇಳದೆ ಮಲಗ್ತಿರಲಿಲ್ಲ. ಅದಕ್ಕೆ ಡ್ಯೂಟಿಗೆ ಹೊರಡೋ ಮುಂಚೆ ಟೇಪ್ ರೆಕಾರ್ಡರ್ ಮುಂದೆ ಕೂತು ಕತೆ ಹೇಳಿಟ್ಟು ಹೋಗೋರು. ಹಾಗೆ ಕತೆಗೊಂದರಂತೆ ಹನ್ನೊಂದು ಕ್ಯಾಸೆಟ್ ಆಗಿತ್ತು. ಹೋದ ವರ್ಷ ನೋಡಿದರೆ ಎಲ್ಲದಕ್ಕೂ ಬೂಷ್ಟು. ಕ್ಯಾಸೆಟ್ ಅಂಗಡಿಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದ್ವಿ. ಅವರದೊಂದು ವೆಬ್‌ಸೈಟ್ ಇದೆ. ಪಾಸ್‌ವರ್ಡ್ ಹಾಕಿದರೆ ನಮ್ಮ ಮನೆಯವರು ಮಾತ್ರ ಕೇಳಬಹುದು. ದಿನಾ ಮಧ್ಯಾಹ್ನ ಊಟ ಆದಮೇಲೆ ಒಂದು ಕತೆ ಕೇಳ್ತೀನಿ. ಎರಡು ವಾರದಿಂದ ಅಲ್ಲಿರೋದು ಅವರ ದನಿ ಅಲ್ಲ.”

“ಬೇರೆಯವರ ದನಿಯೇ?”

“ಅಲ್ಲ. ಅವರದ್ದೇ. ಆದರೆ ಅದಲ್ಲ.”

ಮಗ ನಿಟ್ಟುಸಿರು ಬಿಟ್ಟ. ಟೀಚರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಟಿಕೆಟ್ ಇಲ್ಲದೆ ರೈಲು ಹತ್ತಿದ ನರಿಯ ಕತೆ ಅಂತ ಒಂದಿದೆ. ನರಿ ಸೀಟಿನ ಕೆಳಗೆ ಅವಿತುಕೊಳ್ಳೋ ಜಾಗದಲ್ಲಿ ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಡ್ತಾರೆ. ಟಕ್ ಅಂತ ಕೇಳಿಸೋದು. ಈಗ ಟಕ್ ಇಲ್ಲ. ಹಿಂದೆ ಯಾರೋ ಜರಡಿ ಹಿಡಿದ ಹಾಗೆ ಒಂದೇ ಸಮ ಸದ್ದು. ಯಾರೋ ಅಸಲು ತಗೊಂಡು ನಕಲು ಇಟ್ಟಿದ್ದಾರೆ.”

ಮಗ ಇನ್‌ಸ್ಪೆಕ್ಟರ್ ಕಡೆ ಬಗ್ಗಿ ತಗ್ಗಿದ ದನಿಯಲ್ಲಿ ಅಂದ: “ಮೇಡಂ, ನಾನೂ ಕೇಳಿದೆ, ತಂಗಿಯೂ ಕೇಳಿದಳು. ನಮಗೆ ಏನೂ ವ್ಯತ್ಯಾಸ ಕಾಣ್ಲಿಲ್ಲ. ದೊಡ್ಡಮ್ಮನಿಗೂ ಹೀಗೇ ಶುರುವಾಗಿದ್ದು. ಮನೇಲಿರೋದೆಲ್ಲ ಯಾರೋ ಬದಲಾಯಿಸಿದ್ದಾರೆ ಅನ್ನೋಳು. ಕೊನೆಗೆ ಹೆತ್ತ ಮಕ್ಕಳ ಗುರುತೂ ಸಿಗ್ಲಿಲ್ಲ. ಶುಕ್ರವಾರ ಅಮ್ಮನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಿದ್ದೀನಿ.”

“ನನಗೆ ಕಿವಿ ಚೆನ್ನಾಗಿ ಕೇಳಿಸುತ್ತಪ್ಪ,” ಅಂದರು ಟೀಚರ್. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. ದನಿ ಸ್ವಲ್ಪ ಇಳಿದಿತ್ತು. “ನೋಡಮ್ಮ, ಎರಡರಲ್ಲಿ ಒಂದು. ಕಳ್ಳತನ ಆಗಿದೆ, ಇಲ್ಲಾ ನನ್ನ ತಲೆ ಕೆಡ್ತಿದೆ. ಯಾವುದು ಅಂತ ನೀವು ಹೇಳ್ಬೇಕು. ಅದಕ್ಕೇ ಡಾಕ್ಟರಿಗಿಂತ ಮುಂಚೆ ಇಲ್ಲಿಗೆ ಬಂದೆ.”

ಎಷ್ಟೋ ಜನ ಈ ಕುರ್ಚಿಯಲ್ಲಿ ಕೂತು ಅತ್ತಿದ್ದಾರೆ, ಕೂಗಾಡಿದ್ದಾರೆ. ಕಳ್ಳತನವೇ ಆಗಿರಲಿ ಎಂದು ಇಷ್ಟು ಮರ್ಯಾದೆಯಾಗಿ ಬೇಡಿಕೊಂಡವರನ್ನು ಇನ್‌ಸ್ಪೆಕ್ಟರ್ ನೋಡಿರಲಿಲ್ಲ. “ದೂರು ಬರ್ಕೊಡಿ ಟೀಚರ್. ಮೊದಲು ವಿಚಾರಣೆ ಮಾಡ್ತೀವಿ, ಹುರುಳಿದ್ದರೆ ಇವತ್ತೇ ಎಫ್‌ಐಆರ್,” ಅಂದರು. ಠಾಣೆಯ ದಿನಚರಿಯಲ್ಲಿ ದೂರು ದಾಖಲಾಯಿತು. ‘ಕಳುವಾದ ವಸ್ತು’ ಎಂಬಲ್ಲಿ ರೇಡಿಯೊ ತುಂಬ ಹೊತ್ತು ಯೋಚಿಸಿ ‘ಧ್ವನಿಮುದ್ರಿಕೆಗಳು, ಹನ್ನೊಂದು’ ಎಂದು ಬರೆದ.

ಕ್ಯಾಸೆಟ್ ಅಂಗಡಿ ಮಾರುಕಟ್ಟೆ ಬೀದಿಯ ಕೊನೆಯಲ್ಲಿ, ದರ್ಜಿ ಅಂಗಡಿಗೂ ಕೀಲಿ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡಿತ್ತು. ಬಾಗಿಲು ತೆರೆದ ಕೂಡಲೇ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಬಂತು. ಆ ವಾಸನೆಗೆ ಇನ್‌ಸ್ಪೆಕ್ಟರ್ ಹೊಸಿಲಲ್ಲೇ ಒಂದು ಗಳಿಗೆ ನಿಂತರು. ಅವರ ಅಪ್ಪನಿಗೆ ರೇಡಿಯೊದಿಂದ ಕ್ಯಾಸೆಟ್ಟಿಗೆ ಹಾಡು ಹಿಡಿಯುವ ಹುಚ್ಚು. ಹಾಡು ಶುರುವಾದರೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ, ಸೀನುವಂತಿಲ್ಲ. ಒಂದು ಸಲ ಪಲ್ಲವಿ ಮುಗಿದು ಕೊಳಲು ಬರುವ ಹೊತ್ತಿಗೆ ಸರಿಯಾಗಿ ಅಮ್ಮ ಅಡುಗೆಮನೆಯಿಂದ “ಗ್ಯಾಸ್ ಮುಗೀತು” ಎಂದಿದ್ದಳು. ಅಪ್ಪ ಮೂರು ದಿನ ಮಾತು ಬಿಟ್ಟಿದ್ದರು. ಆ ಹಾಡು ಈಗಲೂ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಕ್ಯಾಸೆಟ್ಟಿನ ಜೊತೆಗೇ ಹೋದ ಅಮ್ಮನ ಆ ಎರಡು ಮಾತು ಮಾತ್ರ ಇಡೀ ಊರು ತಿರುಗಿದರೂ ಸಿಗುವುದಿಲ್ಲ.

ಅಂಗಡಿಯವರು ಐವತ್ತೆಂಟರ ಆಸುಪಾಸಿನವರು, ಬೀದಿಗೆಲ್ಲ ಅಂಗಡಿಯಣ್ಣ. ಒಂದು ಕಾಲದಲ್ಲಿ ಈ ಅಂಗಡಿಯ ಮುಂದೆ ಹಾಡು ತುಂಬಿಸಿಕೊಳ್ಳಲು ಜನ ಸಾಲುಗಟ್ಟುತ್ತಿದ್ದರು. ಈಗ ಗೋಡೆಯುದ್ದಕ್ಕೂ ಖಾಲಿ ಚರಣಿಗೆ, ಮೂಲೆಯಲ್ಲಿ ನಾಲ್ಕು ಟೇಪ್ ಡೆಕ್ಕು, ಒಂದು ಕಂಪ್ಯೂಟರು. ಜನ ಮನೆಯ ಹಳೆಯ ಕ್ಯಾಸೆಟ್ ತಂದು ಕೊಡುತ್ತಾರೆ, ಇವರು ಅದನ್ನು ಕಂಪ್ಯೂಟರಿಗೆ ಇಳಿಸಿ ವೆಬ್‌ಸೈಟಿಗೆ ಏರಿಸುತ್ತಾರೆ. ವೆಬ್‌ಸೈಟ್ ಕಟ್ಟಿದವಳು ಅವರ ಅಕ್ಕನ ಮಗಳು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತ, ಬಿಡುವಿನಲ್ಲಿ ಮಾವನ ಅಂಗಡಿಯನ್ನು ಮುಳುಗದಂತೆ ಹಿಡಿದುಕೊಂಡಿದ್ದಾಳೆ.

“ಸಾಧ್ಯವೇ ಇಲ್ಲ ಮೇಡಂ,” ಅಂದರು ಅಂಗಡಿಯಣ್ಣ. “ಪಾಪ, ವಯಸ್ಸಾದವರು. ಏನೋ ಅನ್ನಿಸಿರಬೇಕು.”

“ಆ ಫೈಲುಗಳು ಎಲ್ಲಿವೆ?” ಇನ್‌ಸ್ಪೆಕ್ಟರ್ ಕಂಪ್ಯೂಟರಿನ ಮುಂದೆ ಕೂತಿದ್ದ ಆ ಹುಡುಗಿಯನ್ನು ಕೇಳಿದರು.

“ಇಲ್ಲಿ ಇಲ್ಲ ಮೇಡಂ, ಕ್ಲೌಡಲ್ಲಿವೆ. ಕ್ಲೌಡ್ ಅಂದ್ರೆ ಬಾಡಿಗೆ ಗೋದಾಮು ಅಂದ್ಕೊಳ್ಳಿ. ಯಾರು ಏನೇ ಅಪ್‌ಲೋಡ್ ಮಾಡಿದ್ರೂ ಫೈಲು ಸೀದಾ ಆ ಗೋದಾಮಿಗೆ ಹೋಗುತ್ತೆ. ನಮ್ಮ ಡೇಟಾಬೇಸಲ್ಲಿ ಇರೋದು ಬರೀ ಚೀಟಿ. ಯಾವ ಮನೆಯವರದ್ದು, ಏನು ಹೆಸರು, ಗೋದಾಮಲ್ಲಿ ಯಾವ ಜಾಗ, ಇಷ್ಟೇ.”

“ಗೋದಾಮಿಗೆ ಬೀಗ?”

“ಇದೆ. ಕೇಳೋಕೆ ಆಯಾ ಮನೆಯವರ ಪಾಸ್‌ವರ್ಡ್ ಸಾಕು. ಇಡೋಕೆ, ತೆಗೆಯೋಕೆ ಈ ಕಂಪ್ಯೂಟರ್ ಒಂದರಿಂದಲೇ ಆಗೋದು. ಮಾವನಿಗೆ ಸುಲಭ ಆಗಲಿ ಅಂತ ಗೋದಾಮೂ ಒಂದು ಫೋಲ್ಡರ್ ಥರ ಕಾಣೋ ಹಾಗೆ ಮಾಡಿದ್ದೀನಿ.”

“ಅದೇ ಹೆಸರಲ್ಲಿ ಇನ್ನೊಂದು ಫೈಲ್ ಹಾಕಿದ್ರೆ?”

“ಹಳೇದು ಹೋಗುತ್ತೆ, ಹೊಸದು ಕೂರುತ್ತೆ.”

“ಯಾರಿಗೂ ಗೊತ್ತಾಗಲ್ವ?”

“ಹೊರಗಿಂದ ಗೊತ್ತಾಗಲ್ಲ. ಚೀಟಿ ಹಾಗೇ ಇರುತ್ತಲ್ಲ.” ಹೇಳುತ್ತ ಹೇಳುತ್ತಲೇ ಹುಡುಗಿ ಗಾರ್ಡ್ ಸಾಹೇಬರ ಫೋಲ್ಡರ್ ತೆರೆದಳು. ಪರದೆಯ ಮೇಲೆ ಹನ್ನೊಂದು ಕತೆಗಳು ಸಾಲಾಗಿ ನಿಂತವು. ಅವಳ ಕೈ ನಿಂತಿತು. “ಮಾವ, ಇವನ್ನ ಏರಿಸಿದ್ದು ಯಾವಾಗ?”

“ಬೇಸಿಗೆಯಲ್ಲಿ. ಯಾಕೆ?”

“ಇಲ್ಲಿ ಹೋದ ತಿಂಗಳು ಇಪ್ಪತ್ತಮೂರು ಅಂತಿದೆ. ಹನ್ನೊಂದೂ ಅವತ್ತೇ. ಮಧ್ಯಾಹ್ನ.”

ಅಂಗಡಿಯಣ್ಣ ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದರು. ಹಳೆಯದನ್ನೂ ಉಳಿಸಿಕೊಳ್ಳುವಂತೆ ಗೋದಾಮಿಗೆ ಹೇಳಲು ಬರುವುದಿಲ್ಲವೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಬರುತ್ತದೆ, ಅದಕ್ಕೊಂದು ಸೆಟ್ಟಿಂಗ್ ಇದೆ, ತಾನು ಹಾಕಿಲ್ಲ ಎಂದು ಹುಡುಗಿ ನೆಲ ನೋಡಿಕೊಂಡು ಹೇಳಿದಳು.

“ಕ್ಯಾಸೆಟ್‌ಗಳು?”

“ಬೂಷ್ಟು ಹಿಡಿದಿದ್ದವಲ್ಲ ಮೇಡಂ, ಒಂದೇ ಸಲ ಓಡಿದ್ದು,” ಅಂದರು ಅಂಗಡಿಯಣ್ಣ. “ಓಡ್ತಾ ಓಡ್ತಾನೇ ಟೇಪು ಪುಡಿಪುಡಿ. ವಾಪಸ್ ಕೊಟ್ಟೆವು, ಅವರ ಮಗ ಎಸೆದುಬಿಟ್ಟರಂತೆ.”

ಅಂದರೆ ಅಸಲು ಈಗ ಭೂಮಿಯ ಮೇಲೆ ಇದ್ದರೆ ಕಳ್ಳನ ಹತ್ತಿರವೇ ಇರಬೇಕು. ಅವನು ಅಳಿಸಿ ಹಾಕಿದ್ದರೆ ಕತೆ ಮುಗಿದ ಹಾಗೆ. ಇನ್‌ಸ್ಪೆಕ್ಟರ್ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಸಂಜೆ ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಮಂಗಳವಾರ ಬೆಳಿಗ್ಗೆ ಅಂಗಡಿಯ ಕಂಪ್ಯೂಟರಿನ ಪಂಚನಾಮೆ ನಡೆಯಿತು. ಪಂಚರು ದರ್ಜಿ ಮತ್ತು ಕೀಲಿ ಮಾಡುವವನು. ದರ್ಜಿ ಸಹಿ ಹಾಕುವ ಮುಂಚೆ ಮೂರು ಸಲ ಓದಿದ. ಕೀಲಿಯವನು ಓದದೇ ಹಾಕಿ, ಬೀಗ ಮುರಿದಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ, ಅದು ನಾನು ಮಾಡಿದ ಬೀಗ ಎಂದ.

ಆಮೇಲೆ ಹುಡುಗಿ ಹಿಂಜರಿಯುತ್ತ ಹೇಳಿದಳು: “ಮೇಡಂ, ರಾತ್ರಿ ಹೊಳೆಯಿತು. ಫೈಲಿಗೂ ಬೆರಳಚ್ಚು ಅಂತ ಇರುತ್ತೆ. ಒಳಗೆ ಒಂದೇ ಒಂದು ಅಕ್ಷರ ಬದಲಾದ್ರೂ ಅಚ್ಚು ಬದಲಾಗುತ್ತೆ. ಮೊದಲು ಏರಿಸಿದಾಗ ನಮ್ಮ ಸೈಟ್ ಅದನ್ನ ಚೀಟಿ ಜೊತೆ ಇಟ್ಟಿರುತ್ತೆ. ಈವರೆಗೆ ತಾಳೆ ನೋಡಿರಲಿಲ್ಲ.”

“ಇದು ನಮ್ಮ ಇಲಾಖೆಯ ವಿದ್ಯೆ. ಕಂಪ್ಯೂಟರಿಗೂ ಅಂಟಿಬಿಡ್ತಾ?” ಅಂದ ರೇಡಿಯೊ.

ತಾಳೆ ನೋಡಿದರು. ಹನ್ನೊಂದರಲ್ಲಿ ಒಂದೂ ಹೊಂದಲಿಲ್ಲ.

ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಇನ್‌ಸ್ಪೆಕ್ಟರ್ ತಾವೇ ಟೀಚರ್ ಮನೆಗೆ ಹೋದರು. ಮಗನೂ ಇದ್ದ. “ಟೀಚರ್, ನೀವು ಹೇಳಿದ್ದು ಸರಿ. ಯಾರೋ ಬದಲಾಯಿಸಿದ್ದಾರೆ. ನಿಮ್ಮ ತಲೆಗೆ ಏನೂ ಆಗಿಲ್ಲ.”

ಟೀಚರ್ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಮಗ ಅವರ ಪಕ್ಕ ನೆಲದ ಮೇಲೆ ಕೂತು “ತಪ್ಪಾಯ್ತಮ್ಮ” ಅಂದ. ಅವನ ತಲೆಯ ಮೇಲೆ ಕೈಯಿಟ್ಟು ಅವರು ಅಂದರು: “ನಿನ್ನದೇನೂ ತಪ್ಪಿಲ್ಲ ಬಿಡು, ಅಕ್ಕನ್ನ ನೋಡಿ ನಾನೂ ಹೆದರಿದ್ದೆ. ಎರಡು ವಾರ ನಿದ್ದೆ ಇಲ್ಲ ನನಗೆ.” ಹೊರಡುವಾಗ ಬಾಗಿಲ ತನಕ ಬಂದು ಇನ್‌ಸ್ಪೆಕ್ಟರ್ ಕೈ ಹಿಡಿದುಕೊಂಡರು. “ಈಗ ಅವರನ್ನ ಹುಡುಕಿ ಕೊಡಮ್ಮ. ಫೋಟೋ ಇದ್ದಾವೆ, ಯೂನಿಫಾರಂ ಇದೆ. ಅವೆಲ್ಲ ಮಾತಾಡಲ್ಲ.”

ಬುಧವಾರ. ವಿಚಾರಿಸಿದರೆ, ಹೋದ ತಿಂಗಳ ಇಪ್ಪತ್ತಮೂರು ಅಂಗಡಿಗೆ ವಾರದ ರಜೆಯ ದಿನ. ಕ್ಲೌಡ್ ಕಂಪನಿಯಿಂದ ತರಿಸಿದ ದಾಖಲೆಯೂ ಹುಡುಗಿ ಅಂದದ್ದನ್ನೇ ಹೇಳಿತು: ಫೈಲುಗಳು ಹೋಗಿದ್ದು ಅಂಗಡಿಯ ಕಂಪ್ಯೂಟರಿನಿಂದಲೇ.

“ಬಾಗಿಲ ಕೀಲಿ ಯಾರ ಹತ್ತಿರ ಇರುತ್ತೆ?”

“ನನ್ನ ಹತ್ತಿರ. ಇವಳ ಹತ್ತಿರ,” ಅಂದರು ಅಂಗಡಿಯಣ್ಣ.

“ಅವತ್ತು ನೀವೆಲ್ಲಿದ್ರಿ?”

“ಮಗಳ ಮನೇಲಿ. ಮೊಮ್ಮಗನಿಗೆ ಜ್ವರ.”

“ನೀನಮ್ಮ?”

“ಕಾಲೇಜಲ್ಲಿ ಪರೀಕ್ಷೆ ಇತ್ತು ಮೇಡಂ. ಹಾಲ್‌ನಲ್ಲಿದ್ದೆ.” ಸೈಟ್ ಕಟ್ಟಿದವಳು, ಸೆಟ್ಟಿಂಗ್ ಹಾಕದವಳು, ಕೀಲಿ ಇರುವವಳು. ಎಲ್ಲ ಬೆರಳೂ ತನ್ನ ಕಡೆಗೇ ತಿರುಗುತ್ತಿರುವುದು ಅವಳಿಗೂ ಕಾಣುತ್ತಿತ್ತು.

ರೇಡಿಯೊ ಎರಡೂ ಕಡೆ ಹೋಗಿ ಬಂದ. ಮೊಮ್ಮಗನ ಜ್ವರವೂ ನಿಜ, ಪರೀಕ್ಷೆಯೂ ನಿಜ. ಹೇಳುವುದಕ್ಕೆ ಅರ್ಧ ಗಂಟೆ ತೆಗೆದುಕೊಂಡ. ಕಾಲೇಜಿನ ಜವಾನ ತನ್ನ ಹಳೆಯ ಸಹಪಾಠಿ ಎಂಬುದೂ ಅದರಲ್ಲಿ ಸೇರಿತ್ತು.

ಇನ್‌ಸ್ಪೆಕ್ಟರ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನರಿಯ ಕತೆ ಕೇಳಿದರು. ನಿಧಾನದ ಗಡಸು ದನಿ. ನರಿ ಬಂದಾಗ ಸ್ವಲ್ಪ ಮೂಗಿನಿಂದ, ಟಿಕೆಟ್ ಕಲೆಕ್ಟರ್ ಬಂದಾಗ ಎದೆಯಿಂದ. ಅದರ ಹಿಂದೆ ಟೀಚರ್ ಹೇಳಿದ ಜರಡಿ. ಆ ಜರಡಿಯ ಸದ್ದು ಎಲ್ಲೋ ಕೇಳಿದ್ದು ಅನ್ನಿಸಿತು. ಕಣ್ಣು ಮುಚ್ಚಿದರು. ಮನೆಯ ಹಜಾರ, ಅಪ್ಪ, ಪಕ್ಕದಲ್ಲಿ ಎರವಲು ತಂದ ಇನ್ನೊಂದು ಟೇಪ್ ರೆಕಾರ್ಡರು. ಸ್ನೇಹಿತರ ಕ್ಯಾಸೆಟ್ಟಿನಿಂದ ತಮ್ಮದಕ್ಕೆ ಹಾಡು ಇಳಿಸಿಕೊಳ್ಳುತ್ತಿದ್ದಾರೆ. ಆ ಸ್ನೇಹಿತ ಇನ್ನೊಬ್ಬರಿಂದ ಇಳಿಸಿಕೊಂಡದ್ದು. ಕೈ ಬದಲಾದಂತೆಲ್ಲ ಹಾಡಿನ ಹಿಂದೆ ಈ ಸುಯ್ ಸುಯ್ ಹೆಚ್ಚಿ, ಸಣ್ಣಪುಟ್ಟ ಸದ್ದೆಲ್ಲ ಅದರಲ್ಲಿ ಮುಳುಗುತ್ತಿತ್ತು. ಮೂರನೆಯ ಕೈಗೆ ಬರುವಷ್ಟರಲ್ಲಿ ಗಾಯಕನಿಗೆ ನೆಗಡಿ. “ಕಾಪಿ ಯಾವತ್ತೂ ಕಾಪಿಯೇ ಕಣಮ್ಮ,” ಎಂದು ಅಪ್ಪ ನಗುತ್ತಿದ್ದರು.

ಹೆಡ್‌ಫೋನ್ ತೆಗೆದು ಹುಡುಗಿಯನ್ನು ಕೇಳಿದರು: “ನೀವು ಮೊದಲು ಏರಿಸಿದ್ದರಲ್ಲಿ ಈ ಸದ್ದು ಇತ್ತಾ?”

“ಇಲ್ಲ ಮೇಡಂ. ಕ್ಯಾಸೆಟ್ಟಿನ ಸದ್ದನ್ನೆಲ್ಲ ನಾನೇ ಕೂತು ತೆಗೆದಿದ್ದೆ.”

“ಹಾಗಾದ್ರೆ ಯಾರೋ ಕಂಪ್ಯೂಟರಿಂದ ಕ್ಯಾಸೆಟ್ಟಿಗೆ ತುಂಬಿ, ಆ ಕ್ಯಾಸೆಟ್ಟಿಂದ ಮತ್ತೆ ಕಂಪ್ಯೂಟರಿಗೆ ಇಳಿಸಿದ್ದಾರೆ.”

“ಯಾಕೆ? ಕಾಪಿ ಬೇಕಿದ್ರೆ ಒಂದು ಕ್ಲಿಕ್ ಸಾಕಲ್ಲ.”

“ನಿನಗೆ ಸಾಕು,” ಅಂದರು ಇನ್‌ಸ್ಪೆಕ್ಟರ್. ಅಂಗಡಿಯಣ್ಣನ ಕಡೆ ತಿರುಗಿದರು. “ನಿಮ್ಮ ಡೆಕ್ಕುಗಳನ್ನ ರಿಪೇರಿ ಮಾಡೋರು ಯಾರು?”

ಅಂಗಡಿಯಣ್ಣನ ಮುಖ ಸಪ್ಪಗಾಯಿತು. “ಡೆಕ್ ಮಾಮ. ಬೇಡ ಮೇಡಂ, ಅವನು ಹೊರಗಿನವನಲ್ಲ. ಮೂವತ್ತು ವರ್ಷದಿಂದ ಇದ್ದಾನೆ.”

“ರಜೆ ದಿನ ಬರ್ತಾರಾ?”

“ಗಿರಾಕಿ ಇರಲ್ಲ ಅಂತ ಅವತ್ತೇ ಬಂದು ಡೆಕ್ ಬಿಚ್ಚಿ ತೊಳೀತಾನೆ. ಹಿಂದಿನ ಸಂಜೆ ನನ್ನ ಕೀಲಿ ಕೊಟ್ಟಿರ್ತೀನಿ.”

“ಕೀಲಿ ಯಾರ ಹತ್ತಿರ ಅಂತ ಕೇಳಿದಾಗ ಹೇಳಲಿಲ್ಲವಲ್ಲ.”

“ಅವನ ಹತ್ತಿರ ಇದ್ದರೆ ನನ್ನ ಹತ್ತಿರ ಇದ್ದ ಹಾಗೇ ಅಂತ…” ಅಂಗಡಿಯಣ್ಣ ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಯಾರೂ ಕೇಳದೇ ಮುಂದುವರಿಸಿದರು. “ಆ ಕ್ಯಾಸೆಟ್ ಓಡಿಸುವಾಗ ಡೆಕ್ ಸಿಕ್ಕಿಕೊಂಡಿತ್ತು. ಅವನನ್ನೇ ಕರೆಸಿದೆ. ಸರಿಮಾಡಿ ಪ್ಲೇ ಒತ್ತಿದ, ಗಾರ್ಡ್ ಸಾಹೇಬರ ದನಿ ಬಂತು. ಸ್ಕ್ರೂಡ್ರೈವರ್ ಕೈಯಲ್ಲೇ ಹಿಡ್ಕೊಂಡು ಕ್ಯಾಸೆಟ್ಟಿನ ಆ ಮಗ್ಗುಲು ಪೂರ್ತಿ ಕೇಳಿದ. ಆಮೇಲೆ ಟೀ ಕುಡಿಯದೆ ಹೊರಟುಹೋದ. ಮೈ ಸರಿಯಿಲ್ಲವೇನೋ ಅಂದ್ಕೊಂಡೆ.”

ಡೆಕ್ ಮಾಮ ಇದ್ದದ್ದು ಎರಡು ಬೀದಿ ಆಚೆ, ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್, ರೇಡಿಯೊ, ಒಬ್ಬ ಕಾನ್‌ಸ್ಟೇಬಲ್ ಮೆಟ್ಟಿಲು ಹತ್ತಿದರು. ಹಿಂದೆ ಪಂಚರಾಗಿ ದರ್ಜಿ ಮತ್ತು ಕೀಲಿಯವನು; ಇಬ್ಬರಿಗೂ ಅಷ್ಟರಲ್ಲಿ ಕೆಲಸ ರೂಢಿಯಾಗಿತ್ತು. ಫೈಲಿನ ಬೆರಳಚ್ಚು ನೋಡಲು ಲ್ಯಾಪ್‌ಟಾಪ್ ಹಿಡಿದು ಹುಡುಗಿಯೂ ಬಂದಳು. ಬಾಗಿಲು ತೆರೆದೇ ಇತ್ತು. ಮಂಚ, ಸ್ಟೌ, ಕಿಟಕಿಯ ಪಕ್ಕ ಉದ್ದನೆಯ ಮೇಜು; ಅದರ ಮೇಲೆ ಹೊಟ್ಟೆ ಬಗೆದುಕೊಂಡು ಮಲಗಿದ ಡೆಕ್ಕುಗಳು. ಐವತ್ತು ದಾಟಿದ ಸಣಕಲು ಮನುಷ್ಯ ಹತ್ತಿಯಿಂದ ಏನನ್ನೋ ಒರೆಸುತ್ತಿದ್ದ. ಯೂನಿಫಾರಂ ನೋಡಿ ಹತ್ತಿಯನ್ನು ಮಡಚಿ ಬದಿಗಿಟ್ಟ.

“ಇಪ್ಪತ್ತಮೂರನೇ ತಾರೀಕು ಅಂಗಡಿಗೆ ಹೋಗಿದ್ರಾ?”

“ಹೋಗಿದ್ದೆ.”

“ಕಂಪ್ಯೂಟರ್ ಮುಟ್ಟಿದ್ರಾ?”

“ಮುಟ್ಟಿದೆ.”

“ಗಾರ್ಡ್ ಸಾಹೇಬರ ಕತೆಗಳು ಎಲ್ಲಿ?”

ಅವನು ಎದ್ದು ಹೋಗಿ ತಲೆದಿಂಬಿನ ಕೆಳಗಿಂದ ಒಂದು ಪೆನ್‌ಡ್ರೈವ್ ತಂದ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. “ಹನ್ನೊಂದೂ ಇವೆ. ಏನೂ ಆಗಿಲ್ಲ. ಜೋಪಾನ.”

ಹುಡುಗಿ ಅಲ್ಲೇ ಮೇಜಿನ ಮೂಲೆಯಲ್ಲಿ ಅಚ್ಚು ತಾಳೆ ನೋಡಿದಳು. ಹನ್ನೊಂದೂ ಹೊಂದಿದವು. ಇನ್‌ಸ್ಪೆಕ್ಟರ್ ಡೆಕ್ ಮಾಮನ ಕಡೆ ತಿರುಗಿದರು.

“ಅಸಲು ತಗೊಂಡು ನಕಲು ಯಾಕಿಟ್ರಿ?”

“ಹಾಗೇ ಖಾಲಿ ಬಿಟ್ಟು ಬರೋಕಾಗುತ್ತಾ? ಅವರೂ ಕೇಳ್ಬೇಕಲ್ಲ. ನನ್ನ ಹತ್ತಿರ ಇದ್ದ ಒಳ್ಳೇ ಕ್ಯಾಸೆಟ್ಟಿಗೆ ತುಂಬಿದೆ, ಡೆಕ್ಕಿನ ಹೆಡ್ ಎರಡು ಸಲ ತೊಳೆದೆ. ನನ್ನ ಕೈಲಿ ಆಗೋ ಅಷ್ಟು ಚೆನ್ನಾಗಿ ಕಾಪಿ ಮಾಡಿ ಅಲ್ಲಿಟ್ಟೆ. ಮಾಸ್ಟರ್ ಮಾತ್ರ ತಗೊಂಡೆ.”

ಹುಡುಗಿಗೆ ತಡೆಯಲಾಗಲಿಲ್ಲ. “ಡೆಕ್ ಮಾಮ, ಇದ್ದದ್ದನ್ನ ಇದ್ದ ಹಾಗೇ ಕಾಪಿ ಮಾಡ್ಕೊಂಡಿದ್ರೆ ಆಗ್ತಿತ್ತಲ್ಲ. ಅಲ್ಲೂ ಇರೋದು, ನಿಮ್ಮ ಹತ್ತಿರವೂ ಇರೋದು. ಎರಡೂ ಒಂದೇ. ಯಾವುದು ಮೊದಲನೇದು ಅಂತ ಯಾರಿಂದಲೂ ಹೇಳೋಕಾಗಲ್ಲ.”

ಡೆಕ್ ಮಾಮ ಅವಳನ್ನು ಮರುಕದಿಂದ ನೋಡಿದ. “ನೀನು ಓದಿದವಳು ಮಗಳೇ, ಇರಬಹುದು. ಆದರೆ ಕಾಪಿ ಹೆಂಗೆ ಒಂದೇ ಆಗುತ್ತೆ? ನಲವತ್ತು ವರ್ಷದಿಂದ ನೋಡ್ತಿದ್ದೀನಿ, ಪ್ರತಿ ಸಲ ಸ್ವಲ್ಪ ಹೋಗುತ್ತೆ.”

ಪೆನ್‌ಡ್ರೈವ್ ಜಪ್ತಿಯಾಯಿತು, ಪಂಚನಾಮೆಯಾಯಿತು. ಅನುಮತಿಯಿಲ್ಲದೆ ಕಂಪ್ಯೂಟರಿಗೆ ಕೈಹಾಕಿ ಫೈಲು ಬದಲಾಯಿಸಿದ ಆರೋಪದ ಮೇಲೆ ನಾಲ್ಕೂವರೆಗೆ ಅವನನ್ನು ಬಂಧಿಸಲಾಯಿತು. ಮೆಟ್ಟಿಲಿಳಿಯುವಾಗ ರೇಡಿಯೊ ಒಂದು ಮಾತೂ ಆಡದೆ ಅವನ ತೋಳು ಹಿಡಿದುಕೊಂಡಿದ್ದ.

ಗುರುವಾರ ಬೆಳಿಗ್ಗೆ ಟೀಚರನ್ನು ಠಾಣೆಗೆ ಕರೆಸಿದರು, ದನಿಯನ್ನು ಗುರುತಿಸಲು. ಮಗ ಜೊತೆಗೆ ಬಂದ. ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಾದ ಆರೋಪಿ ಅದೇ ಕೋಣೆಯ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಇನ್‌ಸ್ಪೆಕ್ಟರ್ ನರಿಯ ಕತೆ ಹಾಕಿದರು. ನರಿ ಸೀಟಿನ ಕೆಳಗೆ ಸೇರಿಕೊಂಡಿತು. ಯಾವ ಕಾಲದ್ದೋ ಮೇಜಿನ ಮೇಲೆ ಕನ್ನಡಕ ಟಕ್ ಎಂದಿತು. ಟೀಚರ್ ಕಣ್ಣು ಮುಚ್ಚಿಕೊಂಡರು.

“ಇವರೇ,” ಅಂದರು. “ಬಂದ್ರು.”

ಕತೆ ಮುಗಿಯುವವರೆಗೆ ಯಾರೂ ಅಲ್ಲಾಡಲಿಲ್ಲ. ಆಮೇಲೆ ಟೀಚರ್ ಎದ್ದು ಬೆಂಚಿನ ಹತ್ತಿರ ಹೋದರು. ಬೈಯುವುದಕ್ಕೆಂದೇ ಹೋದವರು ಹತ್ತಿರ ನಿಂತು ಆ ಮುಖವನ್ನು ನೋಡಿದರು, ಬಗ್ಗಿ ಇನ್ನೊಮ್ಮೆ ನೋಡಿದರು.

“ನೀನು ರೈಲ್ವೆ ಕ್ವಾರ್ಟರ್ಸಲ್ಲಿ ಪಕ್ಕದ ಮನೇಲಿದ್ದ ಮರಿ ಅಲ್ವೇನೋ?”

ಅವನು ತಲೆಯಾಡಿಸಿದ. ಆ ಹೆಸರಿನಿಂದ ಕರೆಯುವವರು ಭೂಮಿಯ ಮೇಲೆ ಉಳಿದಿದ್ದಾರೆಂದು ಅವನಿಗೆ ಗೊತ್ತಿದ್ದಂತಿರಲಿಲ್ಲ.

“ನಿಮ್ಮ ಟೇಪ್ ರೆಕಾರ್ಡರ್ ಗೂಡಿನಲ್ಲಿ ಇಡ್ತಿದ್ರಿ, ಟೀಚರ್. ಆ ಗೂಡಿನ ಹಿಂದೆಯೇ ನನ್ನ ಚಾಪೆ. ಗೋಡೆ ತೆಳು. ಕಿವಿ ಒತ್ತಿ ಇಟ್ಕೊಂಡ್ರೆ ಕೇಳಿಸೋದು.”

“ನಿಮ್ಮಪ್ಪ…”

“ನಮ್ಮಪ್ಪ ಮಾತಾಡ್ತಿದ್ದದ್ದೇ ಅಪರೂಪ. ಮಾತಾಡಿದ ದಿನ ಅಮ್ಮ ಅಳೋಳು. ಆಗ ಇನ್ನೂ ಒತ್ತಿ ಇಟ್ಕೊಳ್ತಿದ್ದೆ.”

ಟೀಚರ್ ಅವನ ಪಕ್ಕ ಬೆಂಚಿನ ಮೇಲೆ ಕೂತರು. “ಅಲ್ಲವೋ, ನನ್ನನ್ನ ಕೇಳಿದ್ದರೆ ಕೊಡ್ತಿರಲಿಲ್ವ?”

“ಕೊಡ್ತಿದ್ರಿ. ಕಾಪಿ ಕೊಡ್ತಿದ್ರಿ.” ಅವನು ಒರೆಸಿ ಒರೆಸಿ ಕಪ್ಪಾದ ತನ್ನ ಬೆರಳುಗಳನ್ನು ನೋಡಿಕೊಂಡ. “ಚಿಕ್ಕಂದಿನಲ್ಲಿ ಪೂರ್ತಿ ಗೋಡೆಯಿಂದ ಬಂದದ್ದೇ ಕೇಳಿದ್ದು, ಟೀಚರ್. ಮಬ್ಬು. ಅರ್ಧ ಮಾತು ಇಟ್ಟಿಗೇಲೇ ಉಳಿಯೋದು. ಅವತ್ತು ಅಂಗಡೀಲಿ ಮೊದಲ ಸಲ ಸರಿಯಾಗಿ ಕೇಳಿದೆ. ಇದೊಂದು ಸಲವಾದರೂ ಗೋಡೆಯ ಆ ಕಡೆ ಕೂತು ಕೇಳ್ಬೇಕು ಅನ್ನಿಸ್ತು.”

ಟೀಚರ್ ಮಗ ಕಿಟಕಿಯ ಕಡೆ ತಿರುಗಿ ನಿಂತ. ರೇಡಿಯೊ ಟೋಪಿ ತೆಗೆದು ಒಳಗಿನ ಪಟ್ಟಿಯನ್ನು ಸುಮ್ಮನೆ ಸರಿಮಾಡತೊಡಗಿದ.

ಹನ್ನೊಂದಕ್ಕೆ ಜೀಪು ಸಿದ್ಧವಾಯಿತು. ಪ್ರಕರಣ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂದರು ಟೀಚರ್. ಅದಿನ್ನು ನನ್ನ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ, ಹೇಳುವುದನ್ನು ಕೋರ್ಟಿನಲ್ಲಿ ಹೇಳಬೇಕು ಎಂದರು ಇನ್‌ಸ್ಪೆಕ್ಟರ್. ಆಮೇಲೆ ಆರೋಪಿಯನ್ನು ಕೇಳಿದರು: “ಜಾಮೀನಿಗೆ ನಿಮ್ಮವರು ಅಂತ ಯಾರಿದ್ದಾರೆ?”

“ಯಾರೂ ಇಲ್ಲ.”

“ನನ್ನ ಹೆಸರು ಬರ್ಕೊಳ್ಳಿ,” ಅಂದರು ಟೀಚರ್.

“ನೀವು ದೂರುದಾರರು ಟೀಚರ್,” ಅಂದ ರೇಡಿಯೊ. “ಕಳುವಾದದ್ದೂ ನಿಮ್ಮದೇ, ಜಾಮೀನೂ ನಿಮ್ಮದೇ ಅಂದ್ರೆ ಜಡ್ಜ್ ಸಾಹೇಬರು ನಮ್ಮನ್ನ ಏನಂತಾರೆ?”

“ದೂರು ದೂರಿನ ಪಾಡಿಗೆ ಇರಲಿ. ಬರ್ಕೋ.”

ರೇಡಿಯೊ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ಕಣ್ಣಲ್ಲೇ ಆಗಲಿ ಅಂದರು. ಟೀಚರ ಹೆಸರು, ವಯಸ್ಸು, ವಿಳಾಸ ಬರೆದುಕೊಂಡ ರೇಡಿಯೊ ಮುಂದಿನ ಸಾಲಿಗೆ ಬಂದು ಪೆನ್ನು ಎತ್ತಿದ. “ಆರೋಪಿಗೂ ನಿಮಗೂ ಏನು ಸಂಬಂಧ ಅಂತ ಕೇಳುತ್ತೆ ಇಲ್ಲಿ. ಏನು ಬರೀಲಿ?”

ಟೀಚರ್ ಪಕ್ಕದಲ್ಲಿ ಕೂತವನನ್ನು ನೋಡಿದರು. ಅವನು ತಲೆ ಎತ್ತಿರಲಿಲ್ಲ.

“ನಮ್ಮ ಮನೇಲಿ ಕತೆ ಕೇಳಿ ಮಲಗ್ತಿದ್ದ ಮಕ್ಕಳು ಇಬ್ಬರು ಅಂದ್ಕೊಂಡಿದ್ದೆ,” ಅಂದರು. “ಮೂವರಂತೆ. ಹಾಗಂತಲೇ ಬರಿ.”